ಅಳತೆ ಪುಸ್ತಕ ಜನರೆದುರು ತೆರೆಯಲಿ

ಸರ್ಕಾರಿ ಕಾಮಗಾರಿಗಳಿಗೆ ಶೇ 40ರಷ್ಟು ಕಮಿಷನ್ ತೆರಬೇಕಾಗಿದೆ ಎಂದು ಕರ್ನಾಟಕ ರಾಜ್ಯ ಗುತ್ತಿಗೆದಾರರ ಸಂಘವು ಪ್ರಧಾನಿಗೆ ಪತ್ರ ಬರೆದದ್ದು 2021ರ ಜುಲೈನಲ್ಲಿ. ಆ ಆರೋಪ ಚುನಾವಣೆಯ ಘೋಷಣೆಯಾಯಿತು. 2023ರಲ್ಲಿ ಸರ್ಕಾರ ಬದಲಾಯಿತು. ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಅವರ ಆಯೋಗ ರಚನೆಗೊಂಡು, 2025ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತು. ಈ ನಡುವೆ, 2024ರ ಫೆಬ್ರುವರಿಯಲ್ಲಿ ಅದೇ ಸಂಘದ ಅಧ್ಯಕ್ಷರು ಹೊಸ ಆಡಳಿತದಲ್ಲೂ ಕಮಿಷನ್ ಪಿಡುಗು ನಿಂತಿಲ್ಲವೆಂದು ದೂರಿದರು.

ಪತ್ರದಿಂದ ವರದಿಯವರೆಗಿನ ಅವಧಿ ಮೂರು ವರ್ಷ ಎಂಟು ತಿಂಗಳು. ಕಳಪೆಯಾಗಿ ಹಾಕಿದ ಡಾಂಬರು ಅಷ್ಟು ಕಾಲ ಉಳಿಯುವುದಿಲ್ಲ. ಸಾಕ್ಷ್ಯವೇ ಮಳೆಗೆ ಕೊಚ್ಚಿಹೋದ ಮೇಲೆ ನಡೆಯುವ ವಿಚಾರಣೆಯಿಂದ ಆಡಳಿತವು ಉತ್ತರದಾಯಿಯಾದೀತೆಂಬ ಭರವಸೆ ನನಗಿಲ್ಲ. ಆಯೋಗಗಳು ಬೇಡವೆಂದಲ್ಲ, ಅವು ದೈನಂದಿನ ನಿಗಾವಣೆಗೆ ಬದಲಿಯಾಗಲಾರವು ಎಂಬುದಷ್ಟೇ ನನ್ನ ವಾದ.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರಲ್ಲಿಯೇ ರೂಪುಗೊಂಡಿತು. ಆದರೆ ಪಾರದರ್ಶಕತೆ ಟೆಂಡರಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಅನಂತರದ್ದೆಲ್ಲ ಎಂಜಿನಿಯರರ ಅಳತೆ ಪುಸ್ತಕದೊಳಗೆ ಅಡಗುತ್ತದೆ. ಎಷ್ಟು ಉದ್ದದ ರಸ್ತೆ, ಎಷ್ಟು ದಪ್ಪದ ಕಾಂಕ್ರೀಟು ಎಂಬುದನ್ನು ಅಲ್ಲಿ ಬರೆದಂತೆಯೇ ಬಿಲ್ಲು ಸಿದ್ಧವಾಗುತ್ತದೆ. ಆರು ಇಂಚಿನ ಕಡೆ ನಾಲ್ಕೇ ಇಂಚು ಹಾಕಿದರೆ ಉಳಿಯುವ ಹಣ ಯಾರ ಪಾಲಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಿಲ್ಲು ಪಾವತಿಯಾಗದೆ ಸಾಲದಲ್ಲಿ ಮುಳುಗುವ ಸಣ್ಣ ಗುತ್ತಿಗೆದಾರನೂ ಈ ಕತ್ತಲೆಯ ಬಲಿಪಶುವೇ.

ಇದನ್ನು ಬೆಳಕಿಗೆ ತರಲು ಹೊಸ ಕಾಯ್ದೆಯೇನೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯು ಕಡತಗಳ ನಕಲನ್ನಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸುವ ಮತ್ತು ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನು ಪಡೆಯುವ ಹಕ್ಕನ್ನೂ ನಾಗರಿಕರಿಗೆ ನೀಡಿದೆ. ಅದಕ್ಕೂ ಮುನ್ನವೇ, 1994ರಲ್ಲಿ, ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ಹಳ್ಳಿಗಳಲ್ಲಿ ಜನಸುನವಾಯಿ ಆರಂಭಿಸಿ, ಕಾಮಗಾರಿಗಳ ಬಿಲ್ಲು ಮತ್ತು ಹಾಜರಿ ಪಟ್ಟಿಗಳನ್ನು ಜನರೆದುರು ಗಟ್ಟಿಯಾಗಿ ಓದಿಸಿತು. ಕಾಗದದಲ್ಲಿ ಮುಗಿದ ಕೆಲಸ ನೆಲದ ಮೇಲೆ ಇದೆಯೋ ಇಲ್ಲವೋ ಎಂಬುದಕ್ಕೆ ಊರಿನವರಿಗಿಂತ ದೊಡ್ಡ ಸಾಕ್ಷಿ ಯಾರು?

ಆದ್ದರಿಂದ ನನ್ನ ಸಲಹೆ ಸರಳವಾದುದು. ಅಂತಿಮ ಬಿಲ್ಲು ಪಾವತಿಗೆ ಮೊದಲು ಅಳತೆ ಪುಸ್ತಕವನ್ನು ಗ್ರಾಮಸಭೆಯಲ್ಲಿ, ನಗರದಲ್ಲಾದರೆ ವಾರ್ಡ್ ಸಮಿತಿಯಲ್ಲಿ ಓದಲಿ. ಅಳೆದವರ, ದೃಢೀಕರಿಸಿದವರ ಹೆಸರು ಹಾಗೂ ದುರಸ್ತಿಯ ಹೊಣೆ ಗುತ್ತಿಗೆದಾರನ ಮೇಲಿರುವ ಅವಧಿ ಸ್ಥಳದ ಫಲಕದಲ್ಲಿರಲಿ. ಶಾಸಕರ, ಸಚಿವರ ಭಾವಚಿತ್ರಕ್ಕೆ ಸಿಗುವಷ್ಟೇ ಜಾಗ ಆ ಹೆಸರುಗಳಿಗೂ ಸಿಗಲಿ.

ಇದರಿಂದ ಕಮಿಷನ್ ಒಂದೇ ದಿನದಲ್ಲಿ ಅಳಿಯದು. ಆದರೆ ಸುಳ್ಳು ಅಳತೆಗೆ ಸಹಿ ಹಾಕುವ ಕೈ ಒಂದು ಕ್ಷಣ ನಡುಗೀತು. ತಾನು ಹಿಂದಿನವರಿಗಿಂತ ಶುದ್ಧವೆನ್ನುವ ಯಾವುದೇ ಸರ್ಕಾರ ಅದನ್ನು ಸಾಬೀತುಪಡಿಸಲು ಅಳತೆ ಪುಸ್ತಕ ತೆರೆಯುವುದರಿಂದಲೇ ಆರಂಭಿಸಲಿ.