ಎರಡು ತೀರ, ಒಂದೇ ಗಾಳಿ: ಮಕ್ಕಳಿಗೆ ಸರ್ಫಿಂಗ್ ಎಲ್ಲಿ ಕಲಿಸೋಣ?

ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದ ಗಿಗಿರಿಯಲ್ಲಿ ಕುಳಿತು ಕಡಲಿನ ಅಲೆಗಳ ವಿಷಯ ಬರೆಯುವುದು ವಿಚಿತ್ರವೆನಿಸಬಹುದು. ಆದರೆ 2017ರಲ್ಲಿ ಮಡರಾಕ ಎಕ್ಸ್‌ಪ್ರೆಸ್ ರೈಲು ಬಂದಂದಿನಿಂದ ಮೊಂಬಾಸಾ ನಮಗೆ ಅರ್ಧ ದಿನದ ದಾರಿಯಾಗಿದೆ. ಟೋಕಿಯೊ ಒಲಿಂಪಿಕ್ಸಿನಲ್ಲಿ ಸರ್ಫಿಂಗ್ ಕಂಡ ಮಕ್ಕಳು ತಮಗೂ ಹಲಗೆ ಬೇಕೆನ್ನುತ್ತಿದ್ದಾರೆ. ಬೇಡವೆನ್ನಲು ಕಾರಣವಿಲ್ಲ. ಆದರೆ ಹೋಟೆಲಿನ ಚಿತ್ರಗಳನ್ನು ನೋಡಿ ತೀರವನ್ನು ಆರಿಸುವ ನಮ್ಮ ರೂಢಿಗೆ ನಮ್ಮ ಆಕ್ಷೇಪವಿದೆ. ಮೊದಲು ನೋಡಬೇಕಾದುದು ಮಗು ಎಷ್ಟು ಪಳಗಿದೆ ಎಂಬುದನ್ನು, ಅನಂತರ ಪಂಚಾಂಗವನ್ನು.

ಪಂಚಾಂಗವೇಕೆಂದರೆ, ಈ ಕರಾವಳಿಯಲ್ಲಿ ‘ಕುಸಿ’ ಎಂದು ಕರೆಯುವ ಆಗ್ನೇಯದ ಗಾಳಿಯೇ ಸಮಭಾಜಕವನ್ನು ದಾಟಿ, ದಿಕ್ಕು ತಿರುಗಿ, ನಮ್ಮೂರಿಗೆ ಮುಂಗಾರಾಗಿ ತಲುಪುತ್ತದೆ. 1498ರಲ್ಲಿ ವಾಸ್ಕೊ ಡ ಗಾಮ ಮಲಿಂದಿಯಿಂದ ಏಪ್ರಿಲ್ ಕೊನೆಯಲ್ಲಿ ಹೊರಟು ಮೇ ತಿಂಗಳಲ್ಲೇ ಕಲ್ಲಿಕೋಟೆಯ ಬಳಿ ಸೇರಿದ್ದು ಇದೇ ಗಾಳಿಯ ಆರಂಭದಲ್ಲಿ. ಒಂದೇ ಗಾಳಿಯಾದರೂ ಎರಡು ತೀರಗಳಲ್ಲಿ ಅದರ ನಡವಳಿಕೆ ಬೇರೆ. ಇಲ್ಲಿ ಕರಾವಳಿಯ ಬಹುಭಾಗಕ್ಕೆ ಹವಳದ ದಿಬ್ಬವು ಗೋಡೆಯಂತೆ ಅಡ್ಡ ನಿಂತಿದೆ. ದೊಡ್ಡ ಅಲೆಗಳು ಹೊರಗೇ ಒಡೆಯುತ್ತವೆ. ಕರ್ನಾಟಕದ ಕರಾವಳಿಗೆ ಅಂತಹ ಗೋಡೆಯಿಲ್ಲ.

ಆದುದರಿಂದ ಹಲಗೆಯನ್ನು ಮುಟ್ಟಿಯೇ ನೋಡದ ಮಗುವಿಗೆ ಡಿಯಾನಿ ಸಾಕು. ದಿಬ್ಬದ ಒಳಗಿನ ತಿಳಿನೀರಿನಲ್ಲಿ ಅಲೆ ಸಿಗದು. ಆದರೆ ಹಲಗೆಯ ಮೇಲೆ ಮಲಗಿ ಕೈಬೀಸುವುದು, ಬೀಳುವುದು, ಏಳುವುದು, ಉಪ್ಪುನೀರಿಗೆ ಹೆದರದಿರುವುದು ಕಲಿಯಬಹುದು. ಭರತದ ವೇಳೆಯನ್ನು ವಿಚಾರಿಸಿಯೇ ಹೊರಡಬೇಕು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ನೀರಿನ ಏರಿಳಿತ ಮೂರು ಮೀಟರಿಗೂ ಮೀರುತ್ತದೆ. ಇಳಿತದಲ್ಲಿ ಹವಳವೂ ಕಡಲ ಮುಳ್ಳುಚೆಂಡುಗಳೂ ಕಾಲಿಗೆ ಸಿಗುತ್ತವೆ. (ಅಲ್ಲಿ ಗಾಳಿಪಟ ಹಿಡಿದು ನೀರಿನ ಮೇಲೆ ಹಾರುವವರನ್ನು ಕಂಡು ಮರುಳಾಗಬೇಡಿ. ಅದು ಬೇರೆಯೇ ವಿದ್ಯೆ: ಅವರಿಗೆ ಗಾಳಿ ಬೇಕು, ಸರ್ಫಿಂಗ್ ಮಾಡುವವರಿಗೆ ಗಾಳಿ ಕಡಿಮೆಯಿದ್ದಷ್ಟೂ ಒಳ್ಳೆಯದು.)

ನಿಜವಾದ ಅಲೆಯ ಮೊದಲ ಪಾಠಕ್ಕೆ ನಮ್ಮ ಮತ ಮೂಲ್ಕಿಗೆ, ಅದೂ ಡಿಸೆಂಬರಿನಲ್ಲಿ. ಮಳೆಗಾಲ ಕಳೆದ ಮೇಲೆ ಅಲ್ಲಿಯ ಅಲೆಗಳು ತಗ್ಗುತ್ತವೆ. ಕಾಲಡಿಗೆ ಮರಳಿದೆ, ಬಿದ್ದರೆ ಗಾಯವಾಗದು. ಸೊಂಟದಾಳದ ನೀರಿನಲ್ಲಿ, ಒಡೆದು ಬರುವ ನೊರೆಯ ಅಲೆಯ ಮೇಲೆ, ಮೆತ್ತನೆಯ ಹಲಗೆಯಲ್ಲಿ ನಿಲ್ಲಲು ಕಲಿಯುವುದೇ ಮೊದಲ ಮೆಟ್ಟಿಲು. 2004ರಲ್ಲಿ ಆರಂಭವಾದ ಮಂತ್ರ ಸರ್ಫ್ ಕ್ಲಬ್ಬಿನಿಂದಾಗಿ ಆ ಊರಿನಲ್ಲಿ ಈ ವಿದ್ಯೆ ಬೇರೂರಿದೆ. ಕನ್ನಡದಲ್ಲೋ ತುಳುವಿನಲ್ಲೋ ಗದರಿಸುವ ಗುರು ನಮ್ಮ ಮಕ್ಕಳಿಗೆ ಇನ್ನೆಲ್ಲಿ ಸಿಕ್ಕಾನು?

ಒಡೆಯದ ಅಲೆಯನ್ನು ಹಿಡಿಯಬಲ್ಲ ಮಗುವಿಗೆ ಮಲಿಂದಿ. ನಮ್ಮ ಪಕ್ಕದ ಕರೂರಾ ಕಾಡಿನ ತೊರೆಗಳು ನೈರೋಬಿ ನದಿಗೂ, ಅದು ಆಥಿಗೂ ಸೇರಿ, ಗಲಾನಾ, ಸಬಾಕಿ ಎಂದು ಹೆಸರು ಬದಲಿಸುತ್ತ ಮಲಿಂದಿಯ ಉತ್ತರದಲ್ಲಿ ಕಡಲನ್ನು ಕೂಡುತ್ತವೆ. ಆ ಹೂಳು, ಆ ಸಿಹಿನೀರು ಹವಳ ಬೆಳೆಯಲು ಬಿಡುವುದಿಲ್ಲ. ಗೋಡೆ ಮುರಿದ ಆ ಕೊಲ್ಲಿಗೆ ಜುಲೈ, ಆಗಸ್ಟ್‌ಗಳಲ್ಲಿ ಅಲೆಗಳು ನೇರವಾಗಿ ಬರುತ್ತವೆ. ನೀರು ಕಂದಾಗಿರುತ್ತದೆಂದು ಮೂಗು ಮುರಿಯುವವರು ಅದೇ ಹೂಳಿನಿಂದ ಅಲೆ ದೊರೆಯಿತೆಂಬುದನ್ನು ನೆನೆಯಲಿ. ಗಾಳಿ ಬಲಗೊಳ್ಳುವ ಮುನ್ನ, ಬೆಳಗಿನಲ್ಲೇ ಇಳಿಯುವುದು ಲೇಸು.

ಸಸಿಹಿತ್ಲು, ಪಣಂಬೂರುಗಳ ಮುಂಗಾರು ಹೊಸ್ತಿಲಿನ ಅಲೆಗಳು ಪಳಗಿದವರಿಗೆ ಮಾತ್ರ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ 2022, 2023ರಲ್ಲಿ ಪಣಂಬೂರಿನಲ್ಲೂ 2024ರಲ್ಲಿ ಸಸಿಹಿತ್ಲುವಿನಲ್ಲೂ ಮೇ ಕೊನೆ, ಜೂನ್ ಮೊದಲ ದಿನಗಳಲ್ಲಿ ನಡೆದದ್ದು ಆ ಅಲೆಗಳಿಗಾಗಿಯೇ. ಅದರ ವಿಡಿಯೊ ನೋಡಿದ ನಮ್ಮ ಕುಟುಂಬಗಳು ಶಾಲೆಗೆ ರಜೆ ಸಿಕ್ಕೊಡನೆ, ಅಂದರೆ ಜೂನ್ ಕೊನೆಯಲ್ಲೋ ಜುಲೈಯಲ್ಲೋ, ಊರಿಗೆ ಹೋಗಿ ಮಕ್ಕಳನ್ನು ಕಡಲಿಗಿಳಿಸಲು ಹವಣಿಸುತ್ತವೆ. ಇದನ್ನು ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷಿದ್ಧ. ಮೀನಿನ ಸಂತತಿಗಾಗಿ ಮಾಡಿದ ನಿಯಮವದು, ನಿಜ; ಆದರೆ ಆ ದಿನಗಳ ಕಡಲನ್ನು ಮೀನುಗಾರರೂ ನಂಬುವುದಿಲ್ಲ.

ಡಿಸೆಂಬರೆಂದರೆ ಮೈಮರೆಯಬಹುದೆಂದಲ್ಲ. ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ಕಡೆಯ ನಾಲ್ವರು ವಿದ್ಯಾರ್ಥಿನಿಯರು 2024ರ ಡಿಸೆಂಬರಿನಲ್ಲಿಯೇ ಮುರುಡೇಶ್ವರದಲ್ಲಿ ನೀರುಪಾಲಾದರು. ಕ್ಲಬ್ಬಿನ ಈಜುಕೊಳದಲ್ಲಿ ಇಪ್ಪತ್ತು ಸುತ್ತು ಈಜುವ ಮಗುವಿಗೂ ಕಡಲೊಳಕ್ಕೆ ಎಳೆಯುವ ಸೆಳೆತದ ಪರಿಚಯವಿರುವುದಿಲ್ಲ. ಅಲೆಗಳ ನಡುವೆ ಎಲ್ಲಿ ನೀರು ಶಾಂತವಾಗಿ ಕಾಣುತ್ತದೋ ಅಲ್ಲಿಯೇ ಸೆಳೆತವಿರಬಹುದು. ಅದಕ್ಕೆ ಸಿಕ್ಕರೆ ದಡದತ್ತ ಹೋರಾಡದೆ, ತೀರಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು. ಹಲಗೆಯ ಬಾಡಿಗೆ ಎಷ್ಟೆಂದು ಕೇಳುವ ಮೊದಲು, ಇಂದು ಸೆಳೆತ ಎಲ್ಲಿದೆಯೆಂದು ಗುರುವನ್ನು ಕೇಳಿ. ಕೈ ಚಾಚಿ ತೋರಿಸಲಾರದವನ ಬಳಿ ಮಗುವನ್ನು ಬಿಡಬೇಡಿ.