ರ‍್ಯಾಂಪ್ ಹಾಕಿದಿರಿ, ನಲ್ಲಿ ಎಲ್ಲಿದೆ?

ನಮ್ಮ ಕಡೆಯ ಕೆಲವು ಮಸೀದಿಗಳ ಬಾಗಿಲಲ್ಲಿ ಈಗೀಗ ರ‍್ಯಾಂಪ್ ಕಾಣುತ್ತಿದೆ. ಸಂತೋಷ. ಆದರೆ ವೀಲ್‌ಚೇರ್ ಒಳಗೆ ಬಂದ ಮೇಲೆ?

ನಮಾಜಿಗೆ ಮೊದಲು ವುಜು ಆಗಬೇಕು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆ ಸವರಿ, ಕೊನೆಗೆ ಪಾದದ ಗಂಟಿನವರೆಗೆ ಕಾಲು ತೊಳೆಯಬೇಕು. ವುಜುಖಾನೆಯಲ್ಲಿ ಇರುವುದೇನು? ಒಂದು ಮೆಟ್ಟಿಲು, ಗಿಡ್ಡ ಕಲ್ಲಿನ ಆಸನ, ಮುಂದೆ ಚರಂಡಿ, ಅದರಾಚೆ ಗೋಡೆಯಲ್ಲಿ ನಲ್ಲಿ. ತೆಂಗಿನ ಮರದಿಂದ ಬಿದ್ದು ಬೆನ್ನು ಮುರಿದವರಿಗೆ, ಲಕ್ವ ಹೊಡೆದವರಿಗೆ, ಸಕ್ಕರೆ ಕಾಯಿಲೆಗೆ ಕಾಲು ಕಳೆದುಕೊಂಡವರಿಗೆ ಆ ನಲ್ಲಿ ಎಟುಕುವುದೇ ಇಲ್ಲ.

ಕೇಳಿದರೆ ಉತ್ತರ ರೆಡಿ: 'ಅವರಿಗೆ ತಯಮ್ಮುಮ್ ಇದೆಯಲ್ಲ.' ಇದೆ. ನೀರು ಸಿಗದವರು, ನೀರು ತಾಗಿದರೆ ಕಾಯಿಲೆ ಹೆಚ್ಚುವವರು ಶುದ್ಧ ಮಣ್ಣಿನಿಂದ ಶುಚಿಯಾಗಬಹುದು. ಆ ರಿಯಾಯಿತಿ ಕಷ್ಟದಲ್ಲಿರುವ ಮನುಷ್ಯನಿಗೆ, ಜಮಾತ್ ಕಮಿಟಿಗಲ್ಲ. ಟ್ಯಾಂಕ್ ತುಂಬಿದೆ, ಮೋಟಾರ್ ಓಡುತ್ತಿದೆ, ಇವರೊಬ್ಬರಿಗೆ ಮಾತ್ರ ಬರಗಾಲವೇ? 'ಹುಡುಗರು ಸಹಾಯ ಮಾಡ್ತಾರೆ ಬಿಡಿ' ಅನ್ನುವವರೂ ಇದ್ದಾರೆ. ದಿನಕ್ಕೆ ಐದು ಹೊತ್ತು ಇನ್ನೊಬ್ಬರ ಮುಖ ನೋಡಿ ಕಾಲು ಚಾಚುವುದು ನಿಮಗೆ ಒಪ್ಪಿಗೆಯೇ? ಮದೀನಾದಲ್ಲಿ ಅಝಾನ್ ಕೊಡುತ್ತಿದ್ದವರಲ್ಲಿ ಒಬ್ಬರು ಅಂಧರಾಗಿದ್ದ ಇಬ್ನ್ ಉಮ್ಮ್ ಮಕ್ತೂಮ್. ಇಲ್ಲಿ ನಾವು ಅಂಥವರನ್ನು ಮನೆಯಲ್ಲೇ ಇರಿ ಅನ್ನುತ್ತಿದ್ದೇವೆ.

ಕಾನೂನೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಜನ ಬಳಸುವ ಧಾರ್ಮಿಕ ಕಟ್ಟಡ ಖಾಸಗಿಯದ್ದಾದರೂ ಅದನ್ನು ಸಾರ್ವಜನಿಕ ಕಟ್ಟಡ ಎಂದೇ ಲೆಕ್ಕ ಹಾಕುತ್ತದೆ. (ದೇವಸ್ಥಾನ, ಚರ್ಚಿನವರು ನಗಬೇಡಿ, ನೀವೂ ಇದರಲ್ಲಿದ್ದೀರಿ.)

ಬೇಕಿರುವುದು ಒಂದೇ ಒಂದು ಜಾಗ. ಮೆಟ್ಟಿಲಿಲ್ಲದ, ಜಾರದ ನೆಲ. ಕುರ್ಚಿ ತಿರುಗಲು ಐದಡಿ ಅಗಲ, ಐದಡಿ ಉದ್ದ. ಬೇಸಿನ್ ಕೆಳಗೆ ಮೊಣಕಾಲು ತೂರಲು ಸುಮಾರು 70 ಸೆಂ.ಮೀ. ಖಾಲಿ. ತಿರುಪುವ ನಲ್ಲಿಯ ಬದಲು ಮೊಣಕೈಯಲ್ಲೇ ತಳ್ಳಬಹುದಾದ ಉದ್ದ ಹಿಡಿಯ ನಲ್ಲಿ. ಇಷ್ಟು ಮಾಡಿದವರೂ ಕಾಲನ್ನು ಮರೆಯುತ್ತಾರೆ. ಬೇಸಿನ್‌ಗೆ ಕಾಲೆತ್ತಲು ಆಗುವಂತಿದ್ದರೆ ಅವರಿಗೆ ವೀಲ್‌ಚೇರ್ ಯಾಕೆ? ಪಕ್ಕದಲ್ಲೇ ಕೈಗೆ ಸಿಗುವ ಪೈಪಿನ ಶವರ್ ಇರಲಿ, ಕೆಳಗಿನ ಚರಂಡಿಗೆ ಚಕ್ರ ಸಿಕ್ಕಿಕೊಳ್ಳದಂಥ ಸಣ್ಣ ಜಾಲರಿ ಇರಲಿ. ಕಾಲು ಫುಟ್‌ರೆಸ್ಟ್ ಮೇಲಿದ್ದಂತೆಯೇ ತೊಳೆದುಕೊಳ್ಳಬಹುದು. ಚಕ್ರದ ಕೆಸರು ಚಾಪೆಗೆ ತಾಗುತ್ತದೆ ಎಂಬ ತಕರಾರಿದ್ದರೆ ಅದೇ ಪೈಪಿನಲ್ಲಿ ಚಕ್ರವನ್ನೂ ತೊಳೆದು ಒರೆಸಿ.

ಮಿನಾರಿಗೆ ಸೀರಿಯಲ್ ಲೈಟ್ ಹಾಕಲು ಚಂದಾ ಎತ್ತುವ ಊರಿಗೆ ಇದು ದೊಡ್ಡ ಖರ್ಚಲ್ಲ. ಹೊಸ ವುಜುಖಾನೆ ಕಟ್ಟಿಸುವವರು ಮೇಸ್ತ್ರಿಗಿಂತ ಮೊದಲು ಊರಿನ ವೀಲ್‌ಚೇರ್ ಬಳಸುವವರನ್ನು ಕರೆಯಿರಿ. ಸೀಮೆಸುಣ್ಣ ಅವರ ಕೈಗೆ ಕೊಡಿ, ನಲ್ಲಿ ಎಲ್ಲಿ ಬೇಕೆಂದು ಗೋಡೆ ಮೇಲೆ ಅವರೇ ಗುರುತು ಹಾಕಲಿ.