ಗುಳ್ಳೆಯ ಮೇಲಣ ಸುಂಕ

ಕನ್ನಡ ಪಾಠ ಹೇಳುವವನಿಗೆ ತೆರಿಗೆಯ ಗೊಡವೆ ಏಕೆಂದು ಕೇಳುವವರುಂಟು. ಚಾಲುಕ್ಯರ ಕಾಲದ ಶಾಸನಗಳನ್ನು ಓದಿಸುವವನು ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳ ಗೊಡವೆಯಿಲ್ಲದೆ ಓದಿಸುವುದು ಸಾಧ್ಯವೆ? ಆ ಸುಂಕದವರಲ್ಲಿ ಒಂದು ಗುಣವಿತ್ತು. ಅಡಕೆಯ ಹೇರಿಗಿಷ್ಟು, ಮೆಣಸಿನ ಹೇರಿಗಿಷ್ಟು ಎಂದು ಹೇರಿನೊಳಗೇನಿದೆಯೆಂಬುದನ್ನು ನೋಡಿ ಸುಂಕವೆತ್ತುತ್ತಿದ್ದರು. ನಮ್ಮ ಜಿ.ಎಸ್.ಟಿ. ಮಂಡಲಿಗೆ ಅಷ್ಟು ತಾಳ್ಮೆಯಿಲ್ಲ.

2017ರ ಜುಲೈಯಿಂದ ಗುಳ್ಳೆಯೇಳುವ ತಂಪು ಪಾನೀಯದ ಮೇಲೆ ಶೇಕಡಾ 28 ತೆರಿಗೆ, ಮೇಲೆ 12 ಸೆಸ್ಸು ಇದ್ದವು. 2025ರ ಸೆಪ್ಟೆಂಬರ್ 22ರಿಂದ ಎರಡೂ ಕೂಡಿ ಶೇಕಡಾ 40ರ ಒಂದೇ ತೆರಿಗೆಯಾಗಿದೆ. ಜನರ ಆರೋಗ್ಯಕ್ಕಾಗಿ ಎಂದು ಕೇಳಿ ನಾನೂ ತಲೆದೂಗಬಹುದಿತ್ತು. ಆದರೆ ಅದೇ ದಿನ ಗುಳ್ಳೆಯಿಲ್ಲದ ಹಣ್ಣಿನ ರಸದ ಪಾನೀಯದ ತೆರಿಗೆ 12ರಿಂದ 5ಕ್ಕೆ ಇಳಿಯಿತು. ಕುಷ್ಟಗಿಯ ಗೂಡಂಗಡಿಯಲ್ಲಿ ಮಗು ಕೈಚಾಚುವ ಮಾವಿನ ರಸದ ಪೊಟ್ಟಣದಲ್ಲಿ ಸಕ್ಕರೆ ಕಡಿಮೆಯೆ? ಕೋಲಾದಲ್ಲಿ ನೂರು ಮಿಲಿಲೀಟರಿಗೆ ಹತ್ತು ಗ್ರಾಮಿನ ಮೇಲಿದ್ದರೆ ಇದರಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಇತ್ತ ಸಕ್ಕರೆಯನ್ನೇ ಹಾಕದ ಕೋಲಾಕ್ಕೂ 40! ಸಕ್ಕರೆ ಪಾರಾಯಿತು, ಗುಳ್ಳೆ ಸಿಕ್ಕಿಬಿತ್ತು. ಪಾಕೀಟಿನ ಮಜ್ಜಿಗೆಯ ಮೇಲೆ 2022ರಲ್ಲಿ ಶೇಕಡಾ 5 ಹೇರಿದವರೂ ಇವರೇ ಎಂಬುದನ್ನು ಮರೆಯಬಾರದು.

ಬ್ರಿಟನ್ನಿನವರು 2018ರ ಏಪ್ರಿಲಿನಲ್ಲಿ ಬೇರೆ ದಾರಿ ಹಿಡಿದರು. ನೂರು ಮಿಲಿಲೀಟರಿಗೆ 5 ಗ್ರಾಮು ಮುಟ್ಟಿದರೆ ಒಂದು ದರ, 8 ಮುಟ್ಟಿದರೆ ಅದಕ್ಕೂ ಮೇಲಿನ ದರ. ತೆರಿಗೆ ಜಾರಿಗೆ ಬರುವ ಮುನ್ನವೇ ಎಷ್ಟೋ ಕಂಪನಿಗಳು ತಾವಾಗಿಯೇ ಸಕ್ಕರೆ ಇಳಿಸಿದವು. ನಮ್ಮಲ್ಲಿ ಸಕ್ಕರೆ ಇಳಿಸಿದವನಿಗೆ ಮೂರು ಕಾಸಿನ ಲಾಭವೂ ಇಲ್ಲ, ಮತ್ತೇಕೆ ಇಳಿಸಿಯಾನು?

ಇದು ಬಡವನ ಬಾಯಿಗೆ ಹಾಕಿದ ಬರೆ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮೆಕ್ಸಿಕೋ 2014ರಲ್ಲಿ ಲೀಟರಿಗೆ ಒಂದು ಪೆಸೊ ಹಾಕಿದಾಗ ಮೊದಲ ವರ್ಷ ಖರೀದಿ ಸುಮಾರು ಶೇಕಡಾ 6 ಇಳಿಯಿತು. ಬಡ ಮನೆಗಳಲ್ಲಿಯೇ ಹೆಚ್ಚು ಇಳಿಯಿತು. ಕೊಳ್ಳದವನಿಗೆ ತೆರಿಗೆಯಿಲ್ಲ. ಸಕ್ಕರೆ ಕಾಯಿಲೆಯ ಗುಳಿಗೆಗೆ ತಿಂಗಳು ತಿಂಗಳು ದುಡ್ಡು ತೆರುವವನೂ ಆ ಬಡವನೇ ಅಲ್ಲವೆ?

ಆದರೂ ಬಡವನ ಪರ ಆಡಬೇಕಾದ ನಿಜವಾದ ಮಾತೊಂದಿದೆ, ಅದನ್ನು ಯಾರೂ ಆಡುತ್ತಿಲ್ಲ. ತುಂಗಭದ್ರೆಯ ಎಡದಂಡೆಯ ಕಾಲುವೆ ಹರಿಯುವ ಗಂಗಾವತಿಯ ಕಥೆ ಬೇರೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿಯಲ್ಲಿ ಬರುವುದು ಫ್ಲೋರೈಡಿನ ನೀರು; ಹಲ್ಲು ಕಂದಿ, ಎಲುಬು ಬಾಗುವ ನೀರು. ಚೈತ್ರದ ಬಿಸಿಲಿನಲ್ಲಿ ಅಂಥ ಊರಿನ ಹುಡುಗನಿಗೆ ‘ಶೀಸೆ ಬಿಡು, ನೀರು ಕುಡಿ’ ಎನ್ನುವ ಮುಖ ಯಾರಿಗಿದೆ? ಹಿಂದಿನ ಸೆಸ್ಸು ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತೇ ಹೊರತು ಒಂದು ಹೂಜಿ ನೀರಿಗೂ ಬರಲಿಲ್ಲ. ಈಗಿನ 40ರಲ್ಲಿ ಅರ್ಧ ರಾಜ್ಯದ್ದು. ಆ ಇಪ್ಪತ್ತರಲ್ಲಿ ಯಲಬುರ್ಗಾ, ಕುಷ್ಟಗಿಯ ಶಾಲೆಗಳ ಕುಡಿಯುವ ನೀರಿಗೆ ಎಷ್ಟು ಬಂತೆಂದು ನಮ್ಮ ಶಾಸಕರು ಬರುವ ಅಧಿವೇಶನದಲ್ಲಿ ಎದ್ದುನಿಂತು ಕೇಳಲಿ.